ಎಣ್ಣೆಯ ಡಬ್ಬಿ ಹೊತ್ತ ಇಲಿ

ಸುಭಾಷಿಣಿಯಮ್ಮ ತೀರಿಕೊಂಡು ಹತ್ತು ತಿಂಗಳಾಯಿತು. ಅವರ ಬಗ್ಗೆ ಪೇಪರಿನಲ್ಲಿ ಬರೆದವರೆಲ್ಲ ಮಕ್ಕಳ ಮೇಲೆ ಅವರಿಗಿದ್ದ ಪ್ರೀತಿಯನ್ನು ಬರೆದರು. ಶಾಲೆ ಶಾಲೆ ತಿರುಗಿ ಮಕ್ಕಳಿಂದ ಕಥೆ ಬರೆಸಿದರು ಎಂದು ಬರೆದರು. ಅದು ಸುಳ್ಳಲ್ಲ. ಆದರೆ ಅವರು ಶಾಲೆಗಳಿಗೆ ಹೋದಾಗ ಪುಸ್ತಕದ ಚೀಲ ಹಿಡಿದು ಜೊತೆಗೆ ಹೋದವಳು ನಾನು. ಬರೆದವರಲ್ಲಿ ಒಬ್ಬರನ್ನೂ ನಾನು ಆ ಬಸ್ಸುಗಳಲ್ಲಿ ಕಂಡದ್ದಿಲ್ಲ.

ಅವರು ಉಡುಪಿಯವರು. ತಂದೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಮದುವೆಯಾಗಲಿಲ್ಲ. ಅಣ್ಣನ ಮನೆಯ ಒಂದು ಕೋಣೆಯಲ್ಲಿದ್ದುಕೊಂಡು ಮಣಿಪಾಲದ ಒಂದು ಪ್ರೆಸ್ಸಿಗೆ ಪ್ರೂಫ್ ನೋಡಲು ಬರುತ್ತಿದ್ದರು. ಅದೇ ಪ್ರೆಸ್ಸಿನ ಬೈಂಡಿಂಗಿನಲ್ಲಿ ನಾನು ಫಾರಂ ಮಡಿಸುತ್ತಿದ್ದೆ. ನನ್ನ ಗಂಡ ಶೀನ ಅರವತ್ತೆಂಟರಲ್ಲಿ ತೀರಿಹೋದ ಮೇಲೆ ಸೇರಿದ ಕೆಲಸ ಅದು. ಅಚ್ಚಾದ ದೊಡ್ಡ ಹಾಳೆಯನ್ನು ಪುಟದ ನಂಬರು ಸರಿ ಬರುವ ಹಾಗೆ ಮೂರು ಸಲ ಮಡಿಸಿ, ಬಿದಿರಿನ ಪಟ್ಟಿಯಿಂದ ಉಜ್ಜಿ ಇಡಬೇಕು. ಎರಡನೇ ಕ್ಲಾಸಿನವರೆಗೆ ಹೋದವಳು ನಾನು. ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಸುಭಾಷಿಣಿಯಮ್ಮ ನನ್ನ ಹತ್ತಿರ ಬಂದು ಕೂತು ನಾನು ತಪ್ಪಿದಲ್ಲಿ ಹೇಳಿಕೊಡುತ್ತಿದ್ದರು. ಈ ಉಪಕಾರವನ್ನು ಮೊದಲೇ ಹೇಳಿಬಿಡುತ್ತೇನೆ.

ಅವರು ಮಕ್ಕಳಿಗೆ ಕಥೆ ಬರೆಯುತ್ತಿದ್ದರು, ಎಲ್ಲದರಲ್ಲೂ ಮೊಲ, ಗಿಳಿ, ಆಮೆ. ಮಕ್ಕಳಿಗೆ ಇಷ್ಟವಾಗುತ್ತಿತ್ತು. ಎಪ್ಪತ್ತೈದರಲ್ಲಿ ಅವರಿಗೆ ಒಂದು ಯೋಚನೆ ಬಂತು. ಮಕ್ಕಳೇ ಬರೆದ ಕಥೆಗಳದ್ದೊಂದು ಪುಸ್ತಕ ಆಗಬೇಕು, ಅದರಲ್ಲಿ ದೊಡ್ಡವರ ಒಂದು ಮಾತೂ ಇರಬಾರದು. ಪ್ರೆಸ್ಸಿನ ಯಜಮಾನರು ರಘುಪತಿ ರಾಯರು ಒಪ್ಪಿದರು, ತಿಂಗಳಿಗೆ ಎರಡು ಶನಿವಾರ ರಜೆ ಕೊಟ್ಟರು. ಒಬ್ಬಳೇ ಊರೂರು ತಿರುಗುವುದು ಅಣ್ಣನಿಗೆ ಸರಿ ಕಾಣಲಿಲ್ಲ. "ಹಾಗಾದರೆ ಅಕ್ಕು ಬರಲಿ" ಎಂದರು ಸುಭಾಷಿಣಿಯಮ್ಮ. ಹೀಗೆ ನಾನು ಹೊರಟೆ.

ಮೊದಲ ವರ್ಷದಲ್ಲೇ ನನಗೆ ಸಾಕಾಯಿತು. ಯಾವ ಶಾಲೆಗೆ ಹೋದರೂ ಮೊದಲು ಹಾರ, ಮತ್ತೆ ಶಾಲು, ಮತ್ತೆ ಭಾಷಣ. ಕಾರ್ಕಳದ ಹತ್ತಿರದ ಒಂದು ಶಾಲೆಯಲ್ಲಿ ಆರು ಜನ ಭಾಷಣ ಮಾಡಿದರು. ಮಕ್ಕಳನ್ನು ಅಂಗಳದ ಬಿಸಿಲಿನಲ್ಲಿ ಕೂರಿಸಿದ್ದರು. ನಾಲ್ಕನೆಯವರು ಮಾತಾಡುವಾಗ ಒಂದು ಸಣ್ಣ ಹುಡುಗಿ ಕೂತಲ್ಲೇ ವಾಂತಿ ಮಾಡಿತು. ಒಬ್ಬ ಮಾಸ್ತರು ಕಾಲಿನಿಂದ ಮಣ್ಣು ಎಳೆದು ಅದನ್ನು ಮುಚ್ಚಿ, ಹುಡುಗಿಯನ್ನು ಅದರ ಪಕ್ಕದಲ್ಲೇ ಕೂರಿಸಿ, "ನೀವು ಮುಂದುವರಿಸಿ ಸಾರ್" ಎಂದರು. ಭಾಷಣ ಮಾಡುತ್ತಿದ್ದವರು ಮಕ್ಕಳೇ ದೇವರು ಎನ್ನುವ ಮಾತಿನಿಂದ ಮುಂದುವರಿಸಿದರು.

ಅದೇ ಶಾಲೆಯಲ್ಲಿ ನಮಗೆ ಕೈಬರಹದ ಪತ್ರಿಕೆ ಕೊಟ್ಟರು. ಆಗ ಪ್ರತಿ ಶಾಲೆಗೂ ಇಂಥದ್ದೊಂದು ಇತ್ತು. ವರ್ಷಕ್ಕೊಮ್ಮೆ ಮಕ್ಕಳ ಬರಹಗಳನ್ನು ಚಂದದ ಅಕ್ಷರದಲ್ಲಿ ಬರೆಸಿ, ಸುತ್ತಲೂ ಬಣ್ಣದ ಬಳ್ಳಿ ಬಿಡಿಸಿ, ವೆಲ್ವೆಟಿನ ರಟ್ಟು ಹಾಕಿ ಬೀರುವಿನಲ್ಲಿಡುತ್ತಿದ್ದರು. ಮಕ್ಕಳ ಕೈಗೆ ಕೊಡುತ್ತಿರಲಿಲ್ಲ, ಕೊಳೆಯಾಗುತ್ತದೆ ಎಂದು. ಸುಭಾಷಿಣಿಯಮ್ಮ ಪುಟ ತಿರುಗಿಸುತ್ತ ಹೋದವರು ಒಂದು ಕಡೆ ನಿಂತರು. ಅದು ಅವರದ್ದೇ ಕಥೆ, ಏಳು ವರ್ಷದ ಹಿಂದಿನದ್ದು. ಕೆಳಗೆ ಐದನೇ ಕ್ಲಾಸಿನ ಒಬ್ಬ ಹುಡುಗನ ಹೆಸರು.

"ಇದು ನನ್ನ ಕಥೆಯಲ್ಲವಾ ಮಾಸ್ತರೇ?" ಎಂದರು.

ಮಾಸ್ತರರ ಮುಖ ಅರಳಿತು. "ಹೌದಾ? ನೋಡಿ, ನಮ್ಮ ಹುಡುಗನದ್ದು ಎಂಥ ಆಯ್ಕೆ! ಅಕ್ಷರ ನೋಡಿ ಅಮ್ಮ, ಮುತ್ತಿನ ಹಾಗೆ ಉಂಟಲ್ಲ? ಕಥೆ ಯಾರದ್ದಾದರೆ ಎಂತ?"

ಅವರಿಗೆ ನಾಚಿಕೆಯ ಒಂದು ಎಳೆಯೂ ಇರಲಿಲ್ಲ. ಹುಡುಗನಿಗೆ ಆ ಅಕ್ಷರಕ್ಕಾಗಿ ಬಹುಮಾನವೂ ಆಗಿತ್ತಂತೆ. ನಾವು ಹೋದ ಎಲ್ಲ ಕಡೆಯೂ ಇದೇ ಆಗಿತ್ತು. ಸ್ವಂತವಾಗಿ ಬರೆದ ಮಗುವಿನ ಹಾಳೆಯಲ್ಲಿ ಶಾಯಿ ಚೆಲ್ಲಿರುತ್ತದೆ, ಹೊಡೆದು ಹಾಕಿದ ಸಾಲುಗಳಿರುತ್ತವೆ. ಅದಕ್ಕೆ ಬೆತ್ತದ ಏಟು. ಹಳೆಯ ಮಾಸಪತ್ರಿಕೆಯಿಂದ ನೋಡಿ ಬರೆದವನ ಹಾಳೆ ಚೊಕ್ಕ, ಅವನಿಗೆ ಬಹುಮಾನ. ನಾಲ್ಕು ವರ್ಷದಲ್ಲಿ ಸುಭಾಷಿಣಿಯಮ್ಮನಿಗೆ ಹದಿನಾರು ಕಥೆ ಸಿಕ್ಕಿತ್ತು. ಅವುಗಳಲ್ಲಿ ಮಕ್ಕಳದ್ದು ಎಷ್ಟು, ಬರೆದುಕೊಟ್ಟ ಮನೆಯ ದೊಡ್ಡವರದ್ದು ಎಷ್ಟು ಎಂದು ಅವರಿಗೇ ಗೊತ್ತಿರಲಿಲ್ಲ.

ಎಪ್ಪತ್ತೊಂಬತ್ತನೇ ಇಸವಿ ಮಕ್ಕಳ ವರ್ಷ ಎಂದು ಎಲ್ಲ ಕಡೆ ಬೋರ್ಡು ಹಾಕಿದ್ದರು. ನವೆಂಬರ್ ಹದಿನಾಲ್ಕಕ್ಕೆ ಪುಸ್ತಕ ಬಿಡುಗಡೆಯಾಗಲೇಬೇಕು ಎಂದರು ರಘುಪತಿ ರಾಯರು. ಆಗಸ್ಟ್ ನಾಲ್ಕು, ಶನಿವಾರ, ಕಾಪುವಿನ ಕಡಲ ಬದಿಯ ಒಂದು ಶಾಲೆಗೆ ಹೋದೆವು. ಅಲ್ಲಿನ ಹೆಡ್ಮಾಸ್ಟರರು ಗುಣಪಾಲ ಎನ್ನುವವರು, ಕಾರ್ಕಳ ಕಡೆಯವರು. ಬಿಳಿ ಪಂಚೆ, ಎದೆಯ ಕಿಸೆಯಲ್ಲಿ ಎರಡು ಪೆನ್ನು. ಹಾರ ಶಾಲು ಮುಗಿದ ಮೇಲೆ ಸುಭಾಷಿಣಿಯಮ್ಮ ಯಾವಾಗಲೂ ಕೇಳುವುದನ್ನು ಕೇಳಿದರು. "ಇನ್ನು ಅರ್ಧ ಗಂಟೆ ಮಾಸ್ತರುಗಳೆಲ್ಲ ಹೊರಗಿರಬೇಕು. ಮಕ್ಕಳು ತಾವು ಕಣ್ಣಾರೆ ಕಂಡದ್ದನ್ನು ಬರೆಯಲಿ."

"ಓ, ಅದಕ್ಕೇನಂತೆ! ಆದರೆ ಅಮ್ಮ, ನಾವಿಲ್ಲದಿದ್ದರೆ ಇವು ಎಂತ ಬರೆಯುತ್ತವೆ? ಮೀನಿನವರ ಮಕ್ಕಳು. ಕಂಡದ್ದು ಬರೆಯಲಿಕ್ಕೆ ಹೇಳಿದರೆ ಪುಸ್ತಕವೇ ನಾರುತ್ತದೆ" ಎಂದು ಗುಣಪಾಲ ಮಾಸ್ತರು ನಕ್ಕರು. ಉಳಿದ ಮಾಸ್ತರುಗಳೂ ನಕ್ಕರು. ನಾನೂ ಮೀನಿನವರ ಮನೆಯವಳೇ. ನನಗೆ ಜಗಲಿಯಲ್ಲಿ ಕೊಟ್ಟ ಚಾವನ್ನು ಗಿಡದ ಬುಡಕ್ಕೆ ಚೆಲ್ಲಿದೆ.

ನಾನು ಕ್ಲಾಸಿನ ಹಿಂದೆ ಚೀಲ ಇಟ್ಟುಕೊಂಡು ಕೂತೆ. ನನ್ನ ಪಕ್ಕದ ಬೆಂಚಿನ ಕೊನೆಯಲ್ಲಿ ಎಣ್ಣೆ ಹಾಕಿ ಬಿಗಿದ ಜಡೆಯ ಒಂದು ಹುಡುಗಿ. ಹೆಸರು ನಳಿನಾಕ್ಷಿ, ಆರನೇ ಕ್ಲಾಸು.

"ಅಜ್ಜೀ, ನೀವು ಕೂಡ ಬರೆಯುವವರಾ?" ಎಂದು ಪಿಸುಗುಟ್ಟಿದಳು.

"ಅಲ್ಲ ಮಗಾ. ನಾನು ಪುಸ್ತಕ ಮಡಿಸುವವಳು."

"ಪುಸ್ತಕ ಮಡಿಸುವುದುಂಟಾ? ನಾವು ಮಡಿಸಿದರೆ ಹೊಡೆಯುತ್ತಾರೆ." ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿ ಮತ್ತೆ ಕೇಳಿದಳು. "ಆ ಅಮ್ಮ ಹೇಳಿದ್ದು ನಿಜವಾ? ಕಂಡದ್ದು ಬರೆಯಬಹುದಾ?"

"ಹೇಳಿದ್ದು ಅದನ್ನೇ ಅಲ್ವಾ?"

"ಮಾಸ್ತರಿಗೆ ಗೊತ್ತಾದರೆ?"

"ಅವರು ಹೊರಗಿದ್ದಾರೆ. ನೀನು ಬರೆ" ಎಂದೆ. ಈ ಮಾತು ನಾನೇ ಹೇಳಿದ್ದು. ಅದನ್ನು ಬೇರೆಯವರ ಮೇಲೆ ಹಾಕುವುದಿಲ್ಲ.

ಅವಳು ಎರಡು ಹಾಳೆ ಬರೆದಳು. ಒಂದರಲ್ಲಿ ದನದ ಬಗ್ಗೆ ಐದು ವಾಕ್ಯ. ಗಂಟೆ ಹೊಡೆದು ಮಾಸ್ತರು ಹಾಳೆ ಒಟ್ಟು ಮಾಡಲು ಬಂದಾಗ ದನದ ಹಾಳೆ ಕೊಟ್ಟಳು. ಇನ್ನೊಂದನ್ನು ಮಡಿಸಿ ನನ್ನ ಚೀಲಕ್ಕೆ ಹಾಕಿದಳು.

ಉಡುಪಿಗೆ ಹೋಗುವ ಬಸ್ಸಿನಲ್ಲಿ ಸುಭಾಷಿಣಿಯಮ್ಮ ಅದನ್ನು ಗಟ್ಟಿಯಾಗಿ ಓದಿದರು. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ನಳಿನಾಕ್ಷಿ ಮತ್ತು ಇನ್ನೊಬ್ಬಳು ಎಣ್ಣೆಯ ಡಬ್ಬಿಯನ್ನು ಹೆಡ್ಮಾಸ್ಟರರ ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಮಧ್ಯಾಹ್ನ ಶಾಲೆಯಲ್ಲಿ ಮಕ್ಕಳಿಗೆ ಸಜ್ಜಿಗೆ, ಅಂದರೆ ಗೋಧಿ ರವೆಯ ಉಪ್ಪಿಟ್ಟು, ಮಾಡಲಿಕ್ಕೆಂದು ಸರಕಾರ ಕಳಿಸುತ್ತಿದ್ದ ಎಣ್ಣೆ ಅದು. ಅವಳು ಹೀಗೆ ಬರೆದಿದ್ದಳು:

"ಡಬ್ಬಿಯ ಮೇಲೆ ಎರಡು ಕೈ ಒಂದನ್ನೊಂದು ಹಿಡಿದ ಚಿತ್ರ ಉಂಟು. ಒಂದು ಕೈ ನನ್ನದು, ಒಂದು ಕೈ ಅವಳದು ಎಂದು ನಾವು ಹೇಳಿಕೊಳ್ಳುತ್ತೇವೆ. ಹೆಡ್ಮಾಸ್ಟ್ರ ಹೆಂಡತಿ ನಮಗೆ ಮಜ್ಜಿಗೆ ಕೊಡುತ್ತಾರೆ. ಸೋಮವಾರ ಸಜ್ಜಿಗೆಯಲ್ಲಿ ಎಣ್ಣೆ ಇರುವುದಿಲ್ಲ. ಅಡುಗೆಯ ಝೀಟಾ ಬಾಯಿ ನೀರು ಹಾಕಿ ಹಾಕಿ ಅಳುತ್ತಾರೆ. ತಿನ್ನುವಾಗ ಗಂಟಲಿಗೆ ಸಿಕ್ಕಿ ಎಲ್ಲ ಮಕ್ಕಳೂ ಕೆಮ್ಮುತ್ತಾರೆ. ಹೆಡ್ಮಾಸ್ಟ್ರು ಇದು ಶೀತ, ಮಳೆಯಲ್ಲಿ ನೆನೆಯಬೇಡಿ ಎಂದು ಹೇಳುತ್ತಾರೆ. ಅದು ಶೀತ ಅಲ್ಲ. ಅದು ಸಜ್ಜಿಗೆ."

ಸುಭಾಷಿಣಿಯಮ್ಮ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಕಟಪಾಡಿಯಲ್ಲಿ ಜನ ಹತ್ತಿಸಿಕೊಳ್ಳುತ್ತಿದ್ದ ಕಂಡಕ್ಟರ್ "ಎಂತ ಅಮ್ಮ, ನಮಗೂ ಸ್ವಲ್ಪ ಹೇಳಿ" ಎಂದ.

"ಅಕ್ಕು, ನಾಲ್ಕು ವರ್ಷ ತಿರುಗಿದ್ದು ಈ ಒಂದು ಹಾಳೆಗೆ" ಎಂದರು ನನಗೆ.

ಮುಂದಿನ ವಾರ ಹುಡುಗಿಯ ಮನೆ ಹುಡುಕಿಕೊಂಡು ಹೋದೆವು. ತಾಯಿ ಕಮಲ ಮನೆಯ ಎದುರು ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ವಿಷಯ ಕೇಳಿ ಬುಟ್ಟಿ ಕೆಳಗಿಟ್ಟಳು. "ಬೇಡ ಅಮ್ಮ. ನಾಳೆ ಹೆಡ್ಮಾಸ್ಟ್ರು ಇವಳನ್ನು ಹೊರಗೆ ಹಾಕಿದರೆ? ನಮ್ಮ ಮನೆಯಲ್ಲಿ ಆರನೇ ಕ್ಲಾಸು ಕಂಡದ್ದು ಇವಳೊಬ್ಬಳೇ."

"ನಾನಿದ್ದೇನೆ, ಕಮಲಾ. ಶಾಲೆಯ ಹೆಸರು ಹಾಕುವುದಿಲ್ಲ, ಮಾಸ್ತರರ ಹೆಸರೂ ಹಾಕುವುದಿಲ್ಲ. ಉಳಿದದ್ದು ಇವಳು ಬರೆದ ಹಾಗೆಯೇ ಬರುತ್ತದೆ. ಒಂದು ಮಾತನ್ನೂ ಬದಲಾಯಿಸುವುದಿಲ್ಲ."

"ಡಬ್ಬಿಯ ಮೇಲಿನ ಕೈ?" ಎಂದಳು ನಳಿನಾಕ್ಷಿ.

"ಅದೂ ಇರುತ್ತದೆ. ನನ್ನ ಮೇಲೆ ಆಣೆ."

ಯಾರೂ ಆಣೆ ಕೇಳಿರಲಿಲ್ಲ.

ಸೆಪ್ಟೆಂಬರಿನಲ್ಲಿ ರಘುಪತಿ ರಾಯರು ಸುಭಾಷಿಣಿಯಮ್ಮನನ್ನು ಒಳಗೆ ಕರೆದರು. ಅವರ ಕೋಣೆಗೂ ಬೈಂಡಿಂಗಿಗೂ ನಡುವೆ ಒಂದು ಹಲಗೆಯ ಗೋಡೆ ಮಾತ್ರ.

"ಸುಭಾಷಿಣೀ, ಮಕ್ಕಳ ಪುಸ್ತಕದಲ್ಲಿ ಹೆಡ್ಮಾಸ್ಟರೇ ಕಳ್ಳನಾ?"

"ಹುಡುಗಿ ಕಂಡದ್ದು ಬರೆದಿದ್ದಾಳೆ."

"ಕಾಣಲಿ ಮಾರಾಯ್ತಿ, ಎಲ್ಲರೂ ಕಾಣುತ್ತಾರೆ. ಅಚ್ಚು ಹಾಕಲಿಕ್ಕುಂಟಾ? ತಾಲೂಕಿನ ಅಷ್ಟೂ ಶಾಲೆಗಳ ಪರೀಕ್ಷೆಯ ಪ್ರಶ್ನೆಪತ್ರಿಕೆ ನಮ್ಮಲ್ಲಿ ಆಗುತ್ತದೆ. ಅದನ್ನು ನಮಗೆ ಕೊಡುವ ಕಮಿಟಿಯ ಕಾರ್ಯದರ್ಶಿ ಯಾರು? ಇದೇ ಗುಣಪಾಲ."

"ಹಾಗಾದರೆ ಈ ಪುಸ್ತಕವೇ ಬೇಡ" ಎಂದರು ಸುಭಾಷಿಣಿಯಮ್ಮ. ಇದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ. ಸಂತೋಷದಿಂದ ನನ್ನ ಕೈ ನಿಂತಿತು.

"ಬೇಡ ಎಂದರೆ ಉಳಿದ ಹದಿನಾರು ಮಕ್ಕಳದ್ದು? ಅವರ ಅಪ್ಪ ಅಮ್ಮಂದಿರಿಗೆ ನೀನು ಕಾಗದ ಬರೆದಾಗಿದೆ." ಮತ್ತೆ ರಾಯರು ಮೆತ್ತಗೆ ಹೇಳಿದರು. "ಕಥೆ ತೆಗೆಯಬೇಡ. ಮಾಸ್ತರನ ಜಾಗದಲ್ಲಿ ಒಂದು ಪ್ರಾಣಿ ಹಾಕು. ಹುಡುಗಿಯ ಹೆಸರೂ ಬರುತ್ತದೆ, ಯಾರಿಗೂ ನೋವಿಲ್ಲ. ನಿನಗೆ ಅದು ಅರ್ಧ ಗಂಟೆಯ ಕೆಲಸ."

ಅವರು ಏನು ಉತ್ತರ ಕೊಟ್ಟರೆಂದು ನನಗೆ ಕೇಳಲಿಲ್ಲ. ಆ ಹೊತ್ತಿಗೆ ಮಿಷನ್ ಸುರುವಾಯಿತು.

ಅಕ್ಟೋಬರಿನಲ್ಲಿ ಆ ಫಾರಂ ನನ್ನ ಮೇಜಿಗೆ ಬಂತು. ನಳಿನಾಕ್ಷಿಯ ಹೆಸರು ಕಂಡು ಮಡಿಸುವುದನ್ನು ಬಿಟ್ಟು ಓದಿದೆ. ನನಗೆ ಓದಲು ಹೊತ್ತು ಹಿಡಿಯುತ್ತದೆ, ಆದರೆ ಬಿಟ್ಟು ಓದುವ ಅಭ್ಯಾಸ ನನಗಿಲ್ಲ. ಒಂದು ಠಕ್ಕ ಇಲಿ. ಅದು ಶಾಲೆಯ ಎಣ್ಣೆಯ ಡಬ್ಬಿಯನ್ನು ತಲೆಯ ಮೇಲೆ ಹೊತ್ತುಕೊಂಡು ಬಿಲಕ್ಕೆ ಹೋಗುತ್ತದೆ. ಮಕ್ಕಳು ಅಳುತ್ತಾರೆ. ಆಗ ಕನ್ನಡಕ ಹಾಕಿದ ದಯಾಳುವಾದ ಹೆಡ್ಮಾಸ್ಟರರು ಹೊಂಚು ಹಾಕಿ ಇಲಿಯನ್ನು ಹಿಡಿದು ಬುದ್ಧಿ ಹೇಳುತ್ತಾರೆ. ಇಲಿ ಕೈ ಮುಗಿಯುತ್ತದೆ. ಎರಡು ಕೈಯ ಚಿತ್ರ ಇಲ್ಲ, ಝೀಟಾ ಬಾಯಿ ಇಲ್ಲ, ಕೆಮ್ಮು ಇಲ್ಲ.

ನನಗೆ ಹೇಸಿಗೆಯಾಯಿತು. ಹಾಳೆಯನ್ನು ಹಿಡಿದುಕೊಂಡೇ ಅವರ ಮೇಜಿಗೆ ಹೋದೆ.

"ಅಮ್ಮ, ಅಷ್ಟು ದೊಡ್ಡ ಡಬ್ಬಿಯನ್ನು ಇಲಿ ಹೊರುತ್ತದಾ?"

ಅವರು ತಲೆ ಎತ್ತಲಿಲ್ಲ. "ಕಥೆಯಲ್ಲಿ ಹೊರುತ್ತದೆ, ಅಕ್ಕು."

"ನಳಿನಾಕ್ಷಿ ಹೊತ್ತದ್ದು ಕಥೆಯಲ್ಲಿ ಅಲ್ಲವಲ್ಲ?"

"ಅವಳ ಒಳ್ಳೆಯದಕ್ಕೇ ಮಾಡಿದ್ದು. ಹೆಸರು ಅಚ್ಚಾಗಿದೆ. ಶಾಲೆಯಲ್ಲೂ ತೊಂದರೆಯಿಲ್ಲ."

"ಅವಳಿಗೆ ಹೇಳಿದ್ದೀರಾ?"

"ಪುಸ್ತಕ ಕಂಡಾಗ ಸಂತೋಷಪಡುತ್ತಾಳೆ. ನೀನು ಹೋಗು, ಕೆಲಸ ಉಂಟು."

ನಾನು ಹೋಗಿ ಮಡಿಸಿದೆ. ಸಾವಿರ ಫಾರಂ, ನಾಲ್ಕು ದಿನ. ಒಂದರ ಅಂಚೂ ತಪ್ಪಲಿಲ್ಲ. ಮಡಿಸುವುದಿಲ್ಲ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಕಾಪುವಿಗೆ ಬಸ್ಸು ಹತ್ತಿ ಹೋಗಿ ಹುಡುಗಿಗೆ ತಿಳಿಸಬಹುದಿತ್ತು, ಅದನ್ನೂ ಮಾಡಲಿಲ್ಲ.

ನವೆಂಬರ್ ಹದಿನಾಲ್ಕು ಬುಧವಾರ. ಉಡುಪಿಯ ಒಂದು ಸಭಾಭವನದಲ್ಲಿ ಬಿಡುಗಡೆ. ಬಣ್ಣದ ಕಾಗದದ ತೋರಣ, ಮೈಕು, ಮುಂದಿನ ಸಾಲಿನಲ್ಲಿ ಹೆಡ್ಮಾಸ್ಟರರುಗಳು. ಗುಣಪಾಲ ಮಾಸ್ತರೂ ಇದ್ದರು. ಪುಸ್ತಕವನ್ನು ಮೊದಲೇ ಓದಿ ಬಂದಿದ್ದರೆಂದು ಅವರ ಮುಖದಲ್ಲೇ ಕಾಣುತ್ತಿತ್ತು, ಅಷ್ಟು ಆರಾಮವಾಗಿ ಕೂತಿದ್ದರು. ನಳಿನಾಕ್ಷಿ ಹೊಸ ರಿಬ್ಬನ್ ಕಟ್ಟಿಕೊಂಡು ತಾಯಿಯ ಜೊತೆ ಬಂದಿದ್ದಳು. ಮಕ್ಕಳಿಗೆ ಪುಸ್ತಕವನ್ನು ವೇದಿಕೆಯಲ್ಲೇ ಕೊಡುವುದು, ಕೊಟ್ಟ ಕೂಡಲೇ ಅವರವರ ಕಥೆಯನ್ನು ಮೈಕಿನಲ್ಲಿ ಓದಿಸುವುದು ಎಂದು ಏರ್ಪಾಡು.

ಅವಳ ಸರದಿ ಬಂತು. ಪುಟ ಬಿಡಿಸಿದಳು. ತುಟಿಯಲ್ಲೇ ಓದಿಕೊಂಡಳು. ಪುಟ ತಿರುಗಿಸಿದಳು. ಮತ್ತೆ ಹಿಂದಕ್ಕೆ ತಿರುಗಿಸಿ ಮೇಲಿನ ಹೆಸರು ನೋಡಿದಳು. ಆಮೇಲೆ ಸುಭಾಷಿಣಿಯಮ್ಮನ ಕಡೆ ನೋಡಿದಳು. ಮೈಕಿನಲ್ಲಿ ಹೇಳಿದಳು:

"ಇದು ನಾನು ಬರೆದದ್ದಲ್ಲ."

ಗುಣಪಾಲ ಮಾಸ್ತರು ಎದ್ದು ವೇದಿಕೆಗೆ ಬಂದು, ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಮೈಕನ್ನು ತಮ್ಮ ಕಡೆ ಎಳೆದುಕೊಂಡರು.

"ಈಕೆ ನಮ್ಮ ಶಾಲೆಯ ಹುಡುಗಿ. ಎಲ್ಲಿಂದಲೋ ಕಾಪಿ ಮಾಡಿದ್ದಳು, ಈಗ ಎಲ್ಲರ ಎದುರು ಒಪ್ಪಿಕೊಂಡಿದ್ದಾಳೆ. ತಪ್ಪು ತಪ್ಪೇ. ಆದರೆ ಸತ್ಯ ಹೇಳುವ ಈ ಧೈರ್ಯವನ್ನು ನಾವು ಮೆಚ್ಚಬೇಕು. ಒಂದು ಚಪ್ಪಾಳೆ!"

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಅವರನ್ನೇನು ಹೇಳುವುದು? ಎಲ್ಲರ ಮಕ್ಕಳೂ ನೋಡಿ ಬರೆದವರೇ, ಎಲ್ಲ ಮಾಸ್ತರುಗಳೂ ಬರೆಸಿದವರೇ. ಇನ್ನೊಂದು ರೀತಿಯಲ್ಲಿ ಆಗಿರಬಹುದೆಂದು ಅವರಿಗೆ ತೋಚಲೇ ಇಲ್ಲ. "ಇಲಿ ಅಲ್ಲ, ಇಲಿ ಇರಲಿಲ್ಲ" ಎಂದು ಹುಡುಗಿ ಹೇಳುತ್ತಿದ್ದಳು. ಚಪ್ಪಾಳೆಯಲ್ಲಿ ಅದು ಹತ್ತಿರ ನಿಂತಿದ್ದ ನನಗೇ ಅರ್ಧ ಕೇಳಿತು.

ಗುಣಪಾಲ ಮಾಸ್ತರು ಇಳಿದು ಹೋದರು. ಮೈಕು ಸುಭಾಷಿಣಿಯಮ್ಮನ ಎದುರಿಗೆ ಬಂತು. ನಾನು ಅವರನ್ನೇ ನೋಡುತ್ತಿದ್ದೆ. ಹುಡುಗಿಯೂ ನೋಡುತ್ತಿದ್ದಳು. ಅವರು ಹೆಗಲ ಶಾಲು ಸರಿ ಮಾಡಿಕೊಂಡರು, ರಘುಪತಿ ರಾಯರ ಕಡೆ ಒಮ್ಮೆ ನೋಡಿದರು. "ಮಗುವಿಗೆ ವೇದಿಕೆ ಹೊಸತು. ಮುಂದಿನ ಕಥೆ..." ಎಂದು ಇನ್ನೊಬ್ಬರ ಹೆಸರು ಕರೆದರು.

ಆ ದಿನದಿಂದ ನಾನು ಅವರ ಚೀಲ ಹಿಡಿಯಲಿಲ್ಲ. ಅವರು ಕೇಳಲೂ ಇಲ್ಲ. ಡಿಸೆಂಬರಿನಲ್ಲಿ ಒಂದು ದಿನ ಬಂದು, "ಅಕ್ಕು, ಆ ಹುಡುಗಿ ಶಾಲೆ ಬಿಟ್ಟಿದ್ದಾಳಂತೆ. ಹೋಗಿ ಬರೋಣವಾ?" ಎಂದರು. ಹುಡುಗಿಗಾಗಿ ಹೋದೆ.

ನಳಿನಾಕ್ಷಿ ಮನೆಯ ಹಿಂದೆ ಮರಳಿನಲ್ಲಿ ಚಾಪೆ ಹಾಸಿ ಮೀನು ಒಣಗಿಸುತ್ತಿದ್ದಳು. ನಮ್ಮನ್ನು ಕಂಡು ಏಳಲಿಲ್ಲ.

"ಯಾಕೆ ಮಗೂ ಶಾಲೆ ಬಿಟ್ಟೆ?"

"ಮಾಸ್ತರು ಕಾಪಿ ಎಂದು ಕರೆಯುತ್ತಾರೆ. ಮಕ್ಕಳು ಇಲಿ ಎಂದು ಕರೆಯುತ್ತಾರೆ."

"ನಾನು ಹೆಡ್ಮಾಸ್ಟರರ ಹತ್ತಿರ ಮಾತಾಡುತ್ತೇನೆ."

"ಆವತ್ತು ಮೈಕ್ ಇತ್ತಲ್ಲ ಅಮ್ಮ, ನಿಮ್ಮ ಹತ್ತಿರ."

ಸುಭಾಷಿಣಿಯಮ್ಮ ಮರಳಿನಲ್ಲೇ ಕೂತರು. ಅವರ ಬಿಳಿ ಸೀರೆಗೆ ಮೀನಿನ ನೀರು ತಾಗಿತು, ಎಳೆದುಕೊಳ್ಳಲಿಲ್ಲ. "ನಾನು ಹೆದರಿದೆ, ಮಗೂ" ಎಂದರು.

ಹುಡುಗಿ ಮೀನುಗಳನ್ನು ಒಂದೊಂದಾಗಿ ಮಗುಚುತ್ತಿದ್ದಳು. "ಹಾಗಾದರೆ ಅದನ್ನು ಬರೆಯಿರಿ. ನಮಗೆ ಹೇಳಿದ್ದು ಹಾಗೇ ಅಲ್ವಾ?"

"ಏ, ದೊಡ್ಡವರ ಹತ್ತಿರ ಎಂಥ ಮಾತು!" ಎಂದು ಕಮಲ ಒಳಗಿನಿಂದ ಗದರಿದಳು. "ಬರೆಯುತ್ತೇನೆ" ಎಂದರು ಸುಭಾಷಿಣಿಯಮ್ಮ. ಈ ಸಲ ಆಣೆ ಹಾಕಲಿಲ್ಲ.

ಬರೆಯಲಿಲ್ಲ. ಆಮೇಲೆ ಅವರು ಇನ್ನೂ ಒಂಬತ್ತು ಪುಸ್ತಕ ಬರೆದರು. ಅಷ್ಟನ್ನೂ ಮಡಿಸಿದವಳು ನಾನು, ಅಷ್ಟರಲ್ಲೂ ಪ್ರಾಣಿಗಳೇ. ಮಕ್ಕಳ ಕಥೆಯ ಪುಸ್ತಕ ಎರಡು ಸಲ ಮತ್ತೆ ಅಚ್ಚಾಯಿತು. ಇಲಿಯ ಕಥೆಯನ್ನು ಶಾಲೆಗಳಲ್ಲಿ ನಾಟಕ ಮಾಡಿದರು. ಎಂಬತ್ತನಾಲ್ಕರಲ್ಲಿ ಗುಣಪಾಲ ಮಾಸ್ತರು ನಿವೃತ್ತರಾದಾಗ ಅವರ ಸನ್ಮಾನ ಪತ್ರ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಯಿತು. "ಮಕ್ಕಳ ಪಾಲಿನ ಅನ್ನದಾತ" ಎಂದು ಅದರಲ್ಲಿ ಇತ್ತು. ಅದನ್ನು ಬರೆದುಕೊಟ್ಟವರು ಸುಭಾಷಿಣಿಯಮ್ಮ. ಕೈಬರಹ ನನಗೆ ಗೊತ್ತಿಲ್ಲವೇ?

ಅವರು ಕೆಟ್ಟವರಾಗಿರಲಿಲ್ಲ. ನನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟಿದ್ದಾರೆ. ಕಡೆಯವರೆಗೂ ಶನಿವಾರ ಶಾಲೆಗಳಿಗೆ ಹೋಗುತ್ತಿದ್ದರು. ಹೋದಲ್ಲಿ ಮಕ್ಕಳಿಗೆ "ಕಂಡದ್ದು ಬರೆಯಿರಿ" ಎನ್ನುವುದನ್ನು ಮಾತ್ರ ನಿಲ್ಲಿಸಿದ್ದರು. "ಚಂದ ಮಾಡಿ ಬರೆಯಿರಿ" ಎನ್ನುತ್ತಿದ್ದರಂತೆ.

ಎಂಬತ್ತೆಂಟರ ಮಾರ್ಚಿನಲ್ಲಿ ಅವರು ತೀರಿಕೊಂಡರು. ಆ ವಾರ ನಾನು ಕಟಪಾಡಿಯಲ್ಲಿ ಬಸ್ಸು ಇಳಿದು ಮೀನಿನ ಮಾರ್ಕೆಟ್ಟಿಗೆ ಹೋದೆ. ನಳಿನಾಕ್ಷಿ ಅಲ್ಲಿ ತಾಯಿಯ ಜಾಗದಲ್ಲಿ ಕೂರುತ್ತಾಳೆ. ಇಪ್ಪತ್ತರ ಹೆಂಗಸು, ದೊಡ್ಡ ಸ್ವರ.

"ಸುಭಾಷಿಣಿಯಮ್ಮ ಹೋದರು ಮಗಾ" ಎಂದೆ.

ಅವಳ ಕತ್ತಿ ನಿಂತಿತು. "ಯಾವಾಗ?"

"ಸೋಮವಾರ." ಮತ್ತೆ ಕೇಳಿದೆ. "ನೀನು ಈಗ ಏನಾದರೂ ಬರೆಯುವುದುಂಟಾ?"

"ನಾನಾ? ಯಾರಿಗೆ ಓದಲಿಕ್ಕೆ ಅಜ್ಜೀ?" ಎಂದು ನಕ್ಕಳು. ಬಂಗುಡೆಯ ಹೊಟ್ಟೆ ಸೀಳಿ ಕರುಳು ಎಳೆದು ಪಕ್ಕಕ್ಕೆ ಹಾಕಿದಳು. "ಒಳ್ಳೆಯ ಜನ. ಮರಳಿನಲ್ಲಿ ಕೂತು ಹೆದರಿದೆ ಎಂದು ಹೇಳಿದ್ದರಲ್ಲ, ಅಷ್ಟು ಕೂಡ ಬೇರೆ ಯಾರೂ ನನಗೆ ಹೇಳಲಿಲ್ಲ. ಅದನ್ನೇ ಮೈಕಿನಲ್ಲಿ ಹೇಳಿದ್ದರೆ ನಾನು ಏಳನೇ ಕ್ಲಾಸಿಗೆ ಹೋಗುತ್ತಿದ್ದೆ."

ನನ್ನ ಹಿಂದೆ ನಿಂತಿದ್ದ ಹೆಂಗಸು ಅವಸರ ಮಾಡಿದಳು. ನಳಿನಾಕ್ಷಿ ಅವಳ ಕಡೆಗೆ ತಿರುಗಿ ಬಂಗುಡೆಯ ಕ್ರಯ ಕೂಗಿದಳು.